ಕತಾರಿನ ಮೂರು ಘಾಟಿ ಮತ್ತು ಒಂದು ಲಿಂಬೆಹಣ್ಣು

ಕತಾರಿನಲ್ಲಿ ಬೆಟ್ಟವಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು ಹೇಳುತ್ತಿದ್ದೇನೆ, ನಂಬಬಹುದು. ನದಿಯೂ ಇಲ್ಲ. ಕೆರೆಯೂ ಇಲ್ಲವೆಂದೇ ಹೇಳಬೇಕು. ಇಂಥ ದೇಶದಲ್ಲಿ ನಾನು ಒಂದೇ ದಿನ ಮೂರು ಕೆರೆ ಸುತ್ತಿ, ಮೂರು ಘಾಟಿ ಹತ್ತಿಳಿದು, ಮಂಡಿ ಊದಿಸಿಕೊಂಡು ಬಂದೆ. ಮೂಡುಬಿದಿರೆಗೆ ಮರಳಿದ ಮೇಲೆ ನೆರೆಯವರು, "ಕತಾರಿನಲ್ಲಿ ಎಂತ ನೋಡಿದ್ರಿ ಟೀಚರ್? ಆ ದೊಡ್ಡ ದೊಡ್ಡ ಬಿಲ್ಡಿಂಗಾ?" ಎಂದು ಕೇಳುತ್ತಾರೆ. "ಇಲ್ಲ, ಟ್ರೆಕ್ಕಿಂಗ್ ಮಾಡಿದೆ" ಎಂದರೆ ನನ್ನ ಮುಖವನ್ನೊಮ್ಮೆ ಮಂಡಿಯನ್ನೊಮ್ಮೆ ನೋಡಿ, ಚಾ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಾರೆ. ಅವರು ಚಾ ತರುವುದರೊಳಗೆ ಹೇಳಿ ಮುಗಿಯದ ಸಂಗತಿಯಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕೂ ಕಾರಣ ನನ್ನ ತಮ್ಮ ಜಯರಾಮ. ದುಖಾನ್ ಎಂಬ ಎಣ್ಣೆಬಾವಿಗಳ ಊರಿನಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವನು. ಏಪ್ರಿಲಿನಲ್ಲಿ ಕೆಲಸ ಮುಗಿಸಿ ಊರಿಗೆ ಬರುವವನಿದ್ದ. ಫೆಬ್ರವರಿಯಲ್ಲಿ ಫೋನು ಮಾಡಿ, "ಅಕ್ಕ, ನಾನು ಇಲ್ಲಿಂದ ಹೊರಡುವ ಮೊದಲು ನೀನೊಮ್ಮೆ ಬಾ. ನಿನ್ನಿಂದ ಒಂದು ಕೆಲಸ ಉಂಟು" ಎಂದ. ಸಾಮಾನು ಕಟ್ಟಲು ಕರೆಯುತ್ತಿದ್ದಾನೆ ಎಂದುಕೊಂಡು ನಾನು ಗೋಣಿಸೂಜಿ, ಹುರಿಹಗ್ಗ ತೆಗೆದುಕೊಂಡು ಹೋದೆ. ಸೂಜಿಯನ್ನು ಮಂಗಳೂರು ವಿಮಾನ ನಿಲ್ದಾಣದಲ್ಲಿಯೇ ಕಿತ್ತುಕೊಂಡರು.

ನಜ್ಮಾ

ದೋಹಾದಲ್ಲಿ ಇಳಿದ ನನ್ನನ್ನು ಜಯರಾಮ ಮನೆಗೆ ಕರೆದೊಯ್ಯಲಿಲ್ಲ. ನಜ್ಮಾ ಎಂಬ ಪೇಟೆಯ ಗಲ್ಲಿಯೊಂದರಲ್ಲಿರುವ ಹಮೀದನ ಟೈಲರ್ ಅಂಗಡಿಗೆ ಕರೆದೊಯ್ದ. ಹಮೀದ್ ಉಪ್ಪಿನಂಗಡಿಯವನು. ಇವರಿಬ್ಬರೂ ಒಂದೇ ವಿಮಾನದಲ್ಲಿ, ಅಕ್ಕಪಕ್ಕದ ಸೀಟಿನಲ್ಲಿ ಕತಾರಿಗೆ ಬಂದವರು. ಒಬ್ಬ ಎಣ್ಣೆಯ ಕಡೆಗೆ ಹೋದ, ಇನ್ನೊಬ್ಬ ಸೂಜಿಯ ಕಡೆಗೆ. ಆ ದಿನದಿಂದ ಇಬ್ಬರ ಜಗಳ ನಿಂತಿಲ್ಲ, ಸ್ನೇಹವೂ ನಿಂತಿಲ್ಲ.

ನಾನು ಬಾಗಿಲು ದಾಟುವಷ್ಟರಲ್ಲಿ ಹಮೀದ್ ಕೊರಳಿನ ಟೇಪು ತೆಗೆದು ನನ್ನ ತೋಳಿನ ಅಳತೆ ಹಿಡಿದಿದ್ದ.

"ಕೈ ಎತ್ತಿ ಟೀಚರಕ್ಕ. ನಾಡಿದ್ದು ಶನಿವಾರಕ್ಕೆ ಕೋಟು ರೆಡಿ ಆಗ್ಬೇಕಲ್ಲ?"

"ಎಂತ ಕೋಟು?"

"ಟ್ರೆಕ್ಕಿಂಗಿನದ್ದು. ಜಯಣ್ಣ ಹೇಳ್ಲಿಲ್ವಾ?"

ಜಯಣ್ಣ ಗೋಡೆಯ ಮೇಲಿನ ಸೂಟಿನ ಚಿತ್ರಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಕೋಟನ್ನು ಹಮೀದ್ ಅಲ್ಲಿಯೇ ಹೊಲಿದುಕೊಟ್ಟ. ಯಾವುದೋ ಕಂಪೆನಿಯ ಕೆಲಸಗಾರರ ಸಮವಸ್ತ್ರಕ್ಕೆ ತಂದು ಉಳಿದ ಬಟ್ಟೆಯಂತೆ. ಬಣ್ಣ ಕಿತ್ತಳೆ. ಕಿತ್ತಳೆ ಎಂದರೆ ಹಣ್ಣಿನ ಸೌಮ್ಯ ಬಣ್ಣವಲ್ಲ, ಬೆಂಕಿಗೇ ಕಣ್ಣು ಕುಕ್ಕುವ ಬಣ್ಣ. ಹನ್ನೊಂದು ಜೇಬು. "ಕಳೆದುಹೋದ್ರೆ ಎಷ್ಟು ದೂರದಿಂದ ಬೇಕಾದ್ರೂ ಕಾಣ್ತದೆ" ಎಂದು ಅವನು ಗ್ಯಾರಂಟಿ ಕೊಟ್ಟ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ನಾನು ಮರೆತುಬಿಟ್ಟೆ. ಹೊರಗೆ ಗಲ್ಲಿಯಲ್ಲಿ ರಸ್ತೆ ಅಗೆಯುತ್ತಿದ್ದವನೊಬ್ಬ ಅದೇ ಬಣ್ಣದ ಅಂಗಿಯಲ್ಲಿದ್ದ. ನನ್ನನ್ನು ಕಂಡು, ಹೊಸದಾಗಿ ಸೇರಿದವರನ್ನು ಮಾತಾಡಿಸುವ ಹಾಗೆ, ಗಂಭೀರವಾಗಿ ತಲೆಬಾಗಿಸಿದ. ನಾನೂ ಬಾಗಿಸಿದೆ.

ದುಖಾನ್

ದೋಹಾದಿಂದ ದುಖಾನಿಗೆ ಹೋಗುವ ರಸ್ತೆ ಸ್ಕೇಲು ಇಟ್ಟು ಗೀಟು ಎಳೆದಂತಿದೆ. ಆಚೆ ಈಚೆ ನೋಡಲು ಏನೂ ಇಲ್ಲದ್ದರಿಂದ ಜಯ ತನ್ನ ಯೋಜನೆಯನ್ನು ವಿವರಿಸಿದ. ಯುರೋಪಿನಲ್ಲಿ ಆಲ್ಪ್ಸ್ ಇದೆಯಲ್ಲ, ಅಲ್ಲಿ ಜನ ಬೆಟ್ಟದ ಮೇಲಿನ ಒಂದು ಸರೋವರದಿಂದ ಹೊರಟು, ಕಣಿವೆದಾರಿ ಹತ್ತಿಳಿದು, ಇನ್ನೊಂದು ಸರೋವರ ಸೇರಿ, ಹಾಗೇ ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತಾರಂತೆ. ಹೋದ ದಾರಿಯಲ್ಲಿ ಮರಳಬಾರದು. ರಸ್ತೆಯೂ ಇರಬಾರದು, ದಾರಿಯನ್ನು ತಾವೇ ಹುಡುಕಿಕೊಳ್ಳಬೇಕು. ಅದಕ್ಕೆ ಲೂಪ್ ಎನ್ನುತ್ತಾರೆ.

"ಅದು ಆಲ್ಪ್ಸ್ ಆಯ್ತು. ಇಲ್ಲಿ ಎಂತ ಉಂಟು?" ಎಂದೆ.

"ಇಲ್ಲಿಯೂ ಉಂಟು ಅಕ್ಕ. ಮೂರು ಕೆರೆ, ಎರಡು ಘಾಟಿ. ಮೂರನೇ ಘಾಟಿ ಒಂದು ಸಿಗ್ಬೇಕು, ಅಷ್ಟೇ."

ಮನೆಯ ಅಡುಗೆಕೋಣೆಯಲ್ಲಿ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಬಹಳ ವರ್ಷ ಹಳೆಯದು. ಜುಲೈ ತಿಂಗಳಲ್ಲೇ ನಿಂತುಬಿಟ್ಟಿತ್ತು, ಏಕೆಂದರೆ ಜುಲೈಯಲ್ಲಿ ಹಿಮದ ಬೆಟ್ಟಗಳ ನಡುವೆ ನೀಲಿ ಸರೋವರದ ಚಿತ್ರವಿತ್ತು. ಜಯ ಪ್ರತಿ ವರ್ಷವೂ ಅಲ್ಲಿಗೆ ಹೋಗುವವನಿದ್ದ. ಒಂದು ವರ್ಷ ಮನೆಯ ಮಾಡು ಹಾಕಿಸಬೇಕಾಯಿತು, ಒಂದು ವರ್ಷ ಮಗಳ ಮದುವೆ, ಒಂದು ವರ್ಷ ಅಮ್ಮನ ಆಸ್ಪತ್ರೆ. ಕೊನೆಗೆ ಬಿಡುವು ಸಿಕ್ಕಿದಾಗ ಮಂಡಿ ಕೈಕೊಟ್ಟಿತು. ಅದಕ್ಕೇ ಅವನು ಮಂಡಿಗೆ ತಕ್ಕ ಆಲ್ಪ್ಸನ್ನು ಮನೆಯ ಹತ್ತಿರವೇ ಹುಡುಕತೊಡಗಿದ. ಹಿಂದಿನ ಮೂರು ಚಳಿಗಾಲಗಳಲ್ಲಿ ಹಮೀದನನ್ನು ಎಳೆದುಕೊಂಡು ಹೋಗಿದ್ದಾನೆ. ಮೂರು ಸಲವೂ ಮೂರನೆಯ ಕೆರೆಯ ತನಕ ಮುಟ್ಟಿ, ಮುಂದೆ ದಾರಿ ಕಾಣದೆ, ಹೋದ ದಾರಿಯಲ್ಲೇ ಹಿಂದೆ ಬಂದಿದ್ದಾನೆ.

"ಹಿಂದೆ ಬಂದ್ರೆ ಎಂತ ಆಯ್ತು? ಮನೆಗೆ ಬಂದ್ರಿ ಅಲ್ವಾ?" ಎಂದು ಕೇಳಿದ್ದು ಅವನ ಹೆಂಡತಿ ಸುಮತಿ. ಅವಳಿಗೆ ಸಿಟ್ಟು ಬಂದಿತ್ತು. ಚಪಾತಿಗೆಂದು ಕಲಸಿಟ್ಟ ಹಿಟ್ಟಿನಲ್ಲಿ ಗಂಡ ಬೆಟ್ಟ, ಘಾಟಿ ಮಾಡಿ ನನಗೆ ತೋರಿಸುತ್ತಿದ್ದ. ಕೆರೆಗಳ ಜಾಗದಲ್ಲಿ ಮೂರು ಬಟಾಣಿ.

ಜಯ ಹಿಟ್ಟಿನಿಂದ ಕೈ ತೆಗೆದ. "ಇಪ್ಪತ್ತೊಂಬತ್ತು ವರ್ಷ ನಾನು ಇಲ್ಲಿ ಹೋದ ದಾರಿಯಲ್ಲೇ ಬಂದದ್ದು ಸುಮತಿ. ಕ್ವಾರ್ಟರ್ಸಿಂದ ಪ್ಲಾಂಟಿಗೆ, ಪ್ಲಾಂಟಿಂದ ಕ್ವಾರ್ಟರ್ಸಿಗೆ. ಹೋಗುವ ಮೊದಲು ಒಂದು ಸರ್ತಿ ಬೇರೆ ದಾರಿಯಲ್ಲಿ ವಾಪಸು ಬರ್ಬೇಕು ನಂಗೆ. ಕಾರು ತಕ್ಕೊಂಡವರು ಸೋಮವಾರ ಅದನ್ನು ಕೊಂಡುಹೋಗ್ತಾರೆ. ಇರುದು ಒಂದೇ ಶನಿವಾರ."

ಸುಮತಿ ಮೊದಲ ಘಾಟಿಯನ್ನು ಎತ್ತಿ ಉಂಡೆ ಮಾಡಿ ಲಟ್ಟಿಸತೊಡಗಿದಳು. ಊಟಕ್ಕೆ ನಾವು ಆಲ್ಪ್ಸನ್ನು ಕುರ್ಮದ ಜೊತೆ ತಿಂದೆವು. ಸ್ವಲ್ಪ ಉಪ್ಪು ಕಡಿಮೆ ಇತ್ತು.

ನನ್ನಿಂದ ಆಗಬೇಕಾದ ಕೆಲಸ ಏನೆಂದು ಆಗ ತಿಳಿಯಿತು. ಲೂಪ್ ಮುಗಿದರೆ, ಅದು ನಿಜವಾದ ಲೂಪ್, ಕೆರೆಗಳು ನಿಜವಾದ ಕೆರೆಗಳು ಎಂದು ಭೂಗೋಳದ ಟೀಚರ್ ಒಬ್ಬರು ಒಪ್ಪಬೇಕಂತೆ.

ಮೊದಲನೆಯ ಕೆರೆ

ಶನಿವಾರ ಬೆಳಿಗ್ಗೆ ಹಮೀದ್ ದೋಹಾದಿಂದ ಬಂದ. ನಾಲ್ವರೂ ಕಿತ್ತಳೆ ಕೋಟು ತೊಟ್ಟು ಕಾರು ಹತ್ತಿದೆವು. ಡಾಂಬರು ಮುಗಿದು, ಮಣ್ಣಿನ ದಾರಿಯೂ ಮುಗಿದು, ಬಿಳಿ ಸುಣ್ಣಕಲ್ಲಿನ ಗುಡ್ಡಗಳು ಸಾಲಾಗಿ ನಿಂತಲ್ಲಿ ಜಯ ಕಾರು ನಿಲ್ಲಿಸಿದ. ಅವುಗಳ ತಲೆಯನ್ನು ಯಾರೋ ಕತ್ತಿಯಲ್ಲಿ ಸವರಿಬಿಟ್ಟಂತೆ ಚಪ್ಪಟೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ, ಇಲ್ಲಿ ಹತ್ತಿರ ಹೋದರೂ ನುಣ್ಣಗೇ ಇದ್ದವು. ಕಾರಿನ ಕೀಲಿಯನ್ನು ಸುಮತಿ ತನ್ನ ಬಟ್ಟೆಚೀಲಕ್ಕೆ ಹಾಕಿಕೊಂಡಳು. ಅದರಲ್ಲಿ ನೀರಿನ ಬಾಟಲಿ, ಗೋಳಿಬಜೆ, ಒಂದು ಲಿಂಬೆಹಣ್ಣು ಇತ್ತು.

"ಲಿಂಬೆ ಎಂತಕ್ಕೆ?"

"ಘಾಟಿ ಅಂತ ಹೇಳಿದ್ರಲ್ಲ ಅತ್ತಿಗೆ. ನಂಗೆ ಚಾರ್ಮಾಡಿಯಲ್ಲಿ ಯಾವಾಗ್ಲೂ ವಾಂತಿ ಬರುದು. ಮೂಸ್ಲಿಕ್ಕೆ ಬೇಕು."

ಮೊದಲನೆಯ ಕೆರೆ ಹತ್ತು ನಿಮಿಷದಲ್ಲಿ ಸಿಕ್ಕಿತು. ಎಲ್ಲಿಂದಲೋ ಹರಿದು ಬಂದು ತಗ್ಗಿನಲ್ಲಿ ನಿಂತ ನೀರು, ಸುತ್ತ ಜೊಂಡು, ನಡುವೆ ಎರಡು ಬಾತುಕೋಳಿಗಳಂಥ ಹಕ್ಕಿಗಳು. ನಮ್ಮೂರಿನಲ್ಲಿ ಎಮ್ಮೆ ಮೀಯುವ ಗುಂಡಿ ಇದಕ್ಕಿಂತ ದೊಡ್ಡದಿರುತ್ತದೆ. ಆದರೆ ಜಯ ನನ್ನ ಮುಖವನ್ನು ಎಸ್ಸೆಸ್ಸೆಲ್ಸಿ ಹುಡುಗನ ಹಾಗೆ ನೋಡುತ್ತಿದ್ದ. "ಕೆರೆಯೇ" ಎಂದೆ. ಅವನು ಚೀಟಿಯಲ್ಲಿ ಗುರುತು ಹಾಕಿಕೊಂಡ.

ಅಷ್ಟರಲ್ಲಿ ಬಿಳಿ ಲ್ಯಾಂಡ್ ಕ್ರೂಸರ್ ಒಂದು ಮಣ್ಣೆಬ್ಬಿಸುತ್ತ ಬಂದು ನಿಂತಿತು. ಬಿಳಿ ನಿಲುವಂಗಿಯ ಕತಾರಿ ಹಿರಿಯರೊಬ್ಬರು ಗಾಜು ಇಳಿಸಿ, "ಸಯ್ಯಾರಾ ಖರ್ಬಾನ್?" ಎಂದರು. ಗಾಡಿ ಕೆಟ್ಟಿತಾ ಎಂದು. ಇಲ್ಲ, ಗಾಡಿ ಚೆನ್ನಾಗಿದೆ, ನಾವು ನಡೆಯುತ್ತಿದ್ದೇವೆ ಎಂದು ಜಯ ಅರಬಿಯಲ್ಲಿ ಹೇಳಿದ. ಎಲ್ಲಿಗೆ ಎಂದು ಅವರು ಕೇಳಿದರು. ಇಲ್ಲಿಗೇ ಎಂದ. ಹಿರಿಯರು ಬಹಳ ಹೊತ್ತು ಯೋಚಿಸಿದರು. ಪೆಟ್ರೋಲು ನೀರಿನ ಹಾಗೆ ಹರಿಯುವ ಊರಿನಲ್ಲಿ ಗಾಡಿ ಇದ್ದೂ ನಡೆಯುವವರ ಮನೆಯಲ್ಲಿ ಏನೋ ದುಃಖ ಆಗಿರಬೇಕು ಎಂದು ಅವರಿಗೆ ಅನ್ನಿಸಿರಬೇಕು. ಒಂದು ಪೆಟ್ಟಿಗೆ ನೀರು, ಆರು ಬಾಟಲಿ ಮಜ್ಜಿಗೆ, ಖರ್ಜೂರ ಇಳಿಸಿ, ನನ್ನ ಕಡೆ ಕನಿಕರದಿಂದ ನೋಡಿ ಹೊರಟುಹೋದರು. ಹನ್ನೊಂದು ಜೇಬುಗಳಿಗೆ ಕೆಲಸ ಬಂತು.

ಮೊದಲ ಘಾಟಿಯಿಂದ ಎರಡನೆಯ ಕೆರೆಗೆ

ಮೊದಲ ಘಾಟಿ ಎರಡು ಗುಡ್ಡಗಳ ನಡುವಿನ ಸಂದು. ಹತ್ತಿ ಇಳಿಯಲು ಒಂದು ಗಾದೆ ಹೇಳಿ ಮುಗಿಸುವಷ್ಟು ಹೊತ್ತು ಸಾಕು. ಹಮೀದ್ ಟೇಪು ಹಿಡಿದು ಹಂತ ಹಂತವಾಗಿ ಅಳೆದ.

"ಎಷ್ಟಾಯ್ತು?" ಎಂದು ಜಯ ಮೇಲಿನಿಂದ ಕೂಗಿದ.

"ಒಂಬತ್ತು ಪ್ಯಾಂಟು ಉದ್ದ."

ಸುಮತಿ ಲಿಂಬೆ ಮೂಸುತ್ತ ಕಣ್ಣು ಮುಚ್ಚಿಕೊಂಡು ಘಾಟಿ ದಾಟಿದಳು. ವಾಂತಿ ಬರಲಿಲ್ಲ. ಅವಳಿಗೆ ಸ್ವಲ್ಪ ನಿರಾಸೆಯಾದಂತಿತ್ತು.

ಗಂಡಸರಿಬ್ಬರೂ ಜಗಳವಾಡುತ್ತ ಬಹಳ ಮುಂದೆ, ಸುಮತಿ ನಡುವೆ, ನಾನು ಎಲ್ಲರಿಗಿಂತ ಹಿಂದೆ. ಇದೇ ನಮ್ಮ ಮೆರವಣಿಗೆ. ಹಿಂದುಳಿದವರಿಗೆ ಒಂದು ಲಾಭವಿದೆ, ಮುಂದೆ ಹೋದವರು ನೋಡದ್ದೆಲ್ಲ ಕಾಣುತ್ತದೆ. ಘಾಟಿಯ ಕೆಳಗೆ ಯಾರೋ ಚಳಿಗಾಲದಲ್ಲಿ ಡೇರೆ ಹಾಕಿ ಅಡುಗೆ ಮಾಡಿ ಹೋದ ಗುರುತಿತ್ತು. ಮೂರು ಕಲ್ಲು, ನಡುವೆ ಮಸಿ.

ಇಲ್ಲಿ ಒಂದು ಮನೆಯ ಶಾಸ್ತ್ರ ಹೇಳಬೇಕು. ನಮ್ಮ ಅಮ್ಮ ಅಂಗಳದಲ್ಲಿ ಮೂರು ಕಲ್ಲು ಹೂಡಿ ಭತ್ತ ಬೇಯಿಸುತ್ತಿದ್ದರು. ಕೆಲಸ ಮುಗಿದ ಕೂಡಲೇ ಒಂದು ಕಲ್ಲನ್ನಾದರೂ ಮಗುಚಿ ಹಾಕಬೇಕು. ಹೂಡಿದ ಒಲೆಯನ್ನು ಹಾಗೇ ಬಿಟ್ಟು ಹೋದರೆ ಒಲೆ ಹಸಿದು ಕಾಯುತ್ತದೆ, ಆಮೇಲೆ ಮನೆಯವರನ್ನು ಹಸಿವಿನಲ್ಲಿ ಕಾಯಿಸುತ್ತದೆ ಎನ್ನುತ್ತಿದ್ದರು. ಜಯನೂ ನಾನೂ ಎಷ್ಟೋ ಸಲ ಈ ವಿಷಯಕ್ಕೆ ಬೆನ್ನಿಗೆ ತಿಂದಿದ್ದೇವೆ. ಶಾಲೆಯ ಪಿಕ್ನಿಕ್ಕಿಗೆ ಹೋದಲ್ಲೆಲ್ಲ ಒಲೆ ಮಗುಚುವ ಕೆಲಸ ನನ್ನದೇ. ನಂಬಿಕೆ ಅಲ್ಲ, ಕೈಯ ಅಭ್ಯಾಸ. ಇಲ್ಲಿಯೂ ಕಾಲಿನಿಂದ ಒಂದು ಕಲ್ಲು ಉರುಳಿಸಿ ಮುಂದೆ ನಡೆದೆ.

ಸ್ವಲ್ಪ ದೂರದಲ್ಲಿ ಇನ್ನೊಂದು ಒಲೆ. ಇದರಲ್ಲಿ ಮಸಿಯೂ ಇರಲಿಲ್ಲ. ಒಲೆ ಹೂಡಿ, ಬೆಂಕಿಯನ್ನೂ ಹಾಕದೆ ಎದ್ದು ಹೋಗಿದ್ದಾರಲ್ಲ, ಎಂಥ ಜನ ಎಂದುಕೊಂಡು ಬಗ್ಗಿ ಮೂರೂ ಕಲ್ಲನ್ನು ಮಗುಚಿದೆ. ಹೀಗೆ ಎರಡನೆಯ ಕೆರೆ ಮುಟ್ಟುವಾಗ ಐದು ಒಲೆಗಳಿಗೆ ಮೋಕ್ಷ ಕಾಣಿಸಿದ್ದೆ. ಸೊಂಟ ನೋಯುತ್ತಿದ್ದರೂ ಒಳ್ಳೆಯ ಕೆಲಸ ಮಾಡಿದ ಸಮಾಧಾನವಿತ್ತು.

ಎರಡನೆಯ ಕೆರೆ ಕೆರೆಯಲ್ಲ, ಸಮುದ್ರ. ಕಡಲಿನ ಒಂದು ಬೆರಳು ಗುಡ್ಡಗಳ ನಡುವೆ ನುಗ್ಗಿ ನಿಂತಿತ್ತು. ನಾನು ಬಾಯಿಗೆ ಹಾಕಿ ನೋಡಿ, "ಉಪ್ಪು" ಎಂದೆ.

"ಉಪ್ಪಿನ ಸರೋವರ ಅಂತ ಇರ್ತದಲ್ಲ ಅಕ್ಕ, ನೀನೇ ಪಾಠ ಮಾಡಿದ್ದು."

"ಅದರಲ್ಲಿ ಭರತ ಇಳಿತ ಇರುದಿಲ್ಲ."

"ಇವತ್ತು ಇದರಲ್ಲಿಯೂ ಇಲ್ಲ. ನೋಡು, ಸುಮ್ಮನೆ ನಿಂತಿದೆ."

ಹೆತ್ತವರಿಗೆ ಹೆಗ್ಗಣ ಮುದ್ದು. ಒಪ್ಪಿಕೊಂಡೆ. ನಡುಹಗಲಾಗಿತ್ತು. ಹಮೀದನಿಗೆ ನಮಾಜಿನ ಹೊತ್ತು. ನಾನು ಉಪಕಾರವಾಗಲೆಂದು ನೆತ್ತಿಯ ಸೂರ್ಯನನ್ನು ನೋಡಿ, ಮೂವತ್ತೊಂದು ವರ್ಷದ ಅನುಭವದಿಂದ ಕೈಚಾಚಿ, "ಪಶ್ಚಿಮ ಈ ಕಡೆ ಹಮೀದ್" ಎಂದೆ. ಅವನು ನಕ್ಕು ನನ್ನ ಕೈಗೆ ಬೆನ್ನು ಹಾಕಿ ಚಾಪೆ ಹಾಸಿದ.

"ದಿನಕ್ಕೆ ಐದು ಸರ್ತಿ ದಿಕ್ಕು ಹುಡುಕುವವನಿಗೆ ನೀವು ದಿಕ್ಕು ಹೇಳ್ತೀರಾ ಟೀಚರಕ್ಕ?"

ಅವನೇ ಸರಿ. ಒಂದು ಗಂಟೆಯ ನಂತರ ಸೂರ್ಯ ಅವನ ಚಾಪೆಯ ಕಡೆಗೇ ಇಳಿಯತೊಡಗಿದ. ನಾನು ತೋರಿಸಿದ ಕಡೆಗೆ ಪೂರ್ವವಿತ್ತು.

ಮೂರನೆಯ ಕೆರೆ

ಎರಡನೆಯ ಘಾಟಿ ಹನ್ನೆರಡು ಪ್ಯಾಂಟು. ಅದನ್ನು ಹತ್ತುವ ಮೊದಲೂ ಮೂರು ಒಲೆ ಸಿಕ್ಕಿದವು, ಮೂರನ್ನೂ ಮಗುಚಿದೆ. ಜಯ ಮೇಲೆ ನಿಂತು ನಮ್ಮನ್ನು ಎಣಿಸುತ್ತಿದ್ದ. ಕೈಬೀಸಿದೆ. ಅವನು ಬೀಸಲಿಲ್ಲ. ಬಾಯಿ ತೆರೆದವನು ಮುಚ್ಚಿಕೊಂಡು ಆಚೆ ಇಳಿದ. ನಾನು ಇಳಿದ ಮೇಲೂ ತಿರುವಿನಲ್ಲಿ ಇನ್ನೊಂದು ಒಲೆ ಸಿಕ್ಕಿತು, ಅದನ್ನೂ ಮಗುಚಿದೆ.

ಮೂರನೆಯದು ಮಳೆನೀರಿನ ಕೆರೆ. ಹೋದ ವರ್ಷ ಬಂದು ನೋಡಿದಾಗ ಮೊಣಕಾಲಿನವರೆಗೆ ನೀರಿತ್ತಂತೆ. ನಾವು ಮುಟ್ಟುವಾಗ ಒಡೆದ ಹೆಂಚಿನಂಥ ಕೆಸರು, ನಡುವೆ ಊಟದ ಬಟ್ಟಲಿನಷ್ಟು ತೇವ, ಅದರಲ್ಲಿ ಒಂಟಿ ಕಾಲಿನಲ್ಲಿ ನಿಂತ ಒಂದು ಹಕ್ಕಿ. ಜಯನ ಮುಖ ಸಣ್ಣದಾಯಿತು. ಸುಮತಿ ಚೀಲದಿಂದ ನೀರಿನ ಬಾಟಲಿ ತೆಗೆದು ಆ ತೇವಕ್ಕೆ ಸುರಿದಳು. ಹಮೀದ್ ಇನ್ನೊಂದು ಸುರಿದ. ನಾನು ನನ್ನ ಜೇಬುಗಳಿಂದ ನಾಲ್ಕು ಬಾಟಲಿ ಖಾಲಿ ಮಾಡಿದೆ. ಬಟ್ಟಲು ಬಾಣಲೆಯಷ್ಟಾಯಿತು. ಹಕ್ಕಿ ಇನ್ನೊಂದು ಕಾಲನ್ನೂ ಇಳಿಸಿತು.

"ಕೆರೆಯೇ" ಎಂದೆ. ಯಾರೂ ನಗಲಿಲ್ಲ.

ಮುಂದೆ ಹಿಂದಿನ ಮೂರು ವರ್ಷಗಳ ಕಥೆಯೇ. ಎಡಕ್ಕೆ ಉಪ್ಪುಕೆಸರಿನ ಬಯಲು. ಮೇಲೆ ಬಿಳಿ ಹಪ್ಪಳ, ಕಾಲಿಟ್ಟರೆ ಒಳಗೆ ಪಾಯಸ. ಹಮೀದ್ ಪರೀಕ್ಷೆಗೆಂದು ಒಂದು ಕಾಲಿಟ್ಟು, ಕಾಲನ್ನು ಮಾತ್ರ ವಾಪಸು ತೆಗೆದ, ಬೂಟು ಅಲ್ಲಿಯೇ ಉಳಿಯಿತು. ಬಲಕ್ಕೆ ಗುಡ್ಡಗಳ ಸಾಲು, ಗೋಡೆಯ ಹಾಗೆ, ಎಲ್ಲಿಯೂ ಸಂದಿಲ್ಲ. ಕಾರು ಆ ಗೋಡೆಯ ಆಚೆ ಎಲ್ಲೋ ಇರಬೇಕು. ಫೋನಿನ ನಕ್ಷೆ ನೋಡಿದರೆ ಮಣ್ಣುಬಣ್ಣದ ಖಾಲಿಯ ನಡುವೆ ನಾವೊಂದು ನೀಲಿ ಚುಕ್ಕೆ. ಅದರಿಂದ ತಿಳಿದದ್ದು ನಾವು ಕತಾರಿನಲ್ಲಿ ಇದ್ದೇವೆ ಎಂಬುದು ಮಾತ್ರ.

"ಖಲಾಸ್ ಜಯಣ್ಣ" ಎಂದ ಹಮೀದ್, ಒಂಟಿ ಬೂಟಿನಲ್ಲಿ ನಿಂತು. "ವಾಪಸು ಹೋಗುವ. ಬಂದ ದಾರಿಗೆ ನೀವು ಗುರುತು ಇಟ್ಟಿದ್ದೀರಲ್ಲ."

"ಎಂತ ಗುರುತು?" ಎಂದೆ ಗೋಳಿಬಜೆ ತಿನ್ನುತ್ತ.

"ಪ್ರತಿ ತಿರುವಿಗೆ ಮೂರು ಮೂರು ಕಲ್ಲು ಇಟ್ಟಿದ್ದಾರೆ ಟೀಚರಕ್ಕ, ಮೂರು ವರ್ಷದಿಂದ. ಒಂದರ ಮೇಲೆ ಒಂದು ಇಟ್ರೆ ಗಾಳಿಗೆ ಬೀಳ್ತದೆ, ಹಾಗೆ ಒಲೆಯ ಹಾಗೆ ಇಡುದು."

ಗೋಳಿಬಜೆ ಗಂಟಲಿನಲ್ಲಿ ನಿಂತಿತು.

ಹಮೀದ್ ಕುಂಟುತ್ತ ಗುಡ್ಡದ ತಿರುವಿನವರೆಗೆ ಹೋಗಿ, ಸುತ್ತ ನೋಡಿ, ಕುಂಟುತ್ತ ಬಂದ. "ಕಲ್ಲು ಇಲ್ಲ ಜಯಣ್ಣ. ಕಲ್ಲು ಬೇಕಾದಷ್ಟು ಉಂಟು. ನಿಮ್ಮ ಕಲ್ಲು ಇಲ್ಲ."

"ಹೌದಾ?" ಎಂದ ಜಯ. ಅಷ್ಟೇ. ಕೂಗಲಿಲ್ಲ, ಹುಡುಕಲು ಓಡಲಿಲ್ಲ. ಆಘಾತದಿಂದ ಹೀಗಾಗಿರಬೇಕು ಎಂದು ನನಗೆ ಇನ್ನೂ ಸಂಕಟವಾಯಿತು.

"ಗಾಳಿ ಇರ್ಬೇಕು" ಎಂದಳು ಸುಮತಿ.

"ಒಂಟೆ ಇರ್ಬೇಕು" ಎಂದ ಹಮೀದ್.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕೋಟಿನ ಕೈಗೆ ಅಂಟಿದ ಸುಣ್ಣದ ಪುಡಿಯನ್ನು ಒರೆಸಿಕೊಂಡೆ. "ಯಾರು ಮಾಡಿದ್ದು? ಎದ್ದು ನಿಲ್ಲಿ, ಸತ್ಯ ಹೇಳಿದವರಿಗೆ ಪೆಟ್ಟಿಲ್ಲ" ಎಂದು ಎಷ್ಟು ಸಾವಿರ ಮಕ್ಕಳಿಗೆ ಹೇಳಿದ್ದೇನೋ. ಒಬ್ಬರೂ ಎದ್ದು ನಿಲ್ಲುತ್ತಿರಲಿಲ್ಲ. ಯಾಕೆಂದು ಅವತ್ತು ಗೊತ್ತಾಯಿತು. ತಮ್ಮನ ಕೊನೆಯ ಶನಿವಾರ, ಅವನು ಮೂರು ವರ್ಷ ಇಟ್ಟ ಕಲ್ಲು, ಎಲ್ಲವನ್ನೂ ನಾನೇ ಕೈಯಾರೆ ಮಗುಚಿ ಬಂದಿದ್ದೆ. ಹೇಳಬೇಕೆಂದು ಬಾಯಿ ತೆರೆದೆ, ಅದಕ್ಕೆ ಇನ್ನೊಂದು ಗೋಳಿಬಜೆ ಹಾಕಿಕೊಂಡೆ.

ಒಂಟೆ ಘಾಟಿ

ಹಮೀದನ ಮಾತಿಗೆ ಸಾಕ್ಷಿ ಹೇಳಲು ಬಂದಂತೆ ಒಂಟೆಗಳು ಬಂದವು. ಏಳೋ ಎಂಟೋ ಇದ್ದವು. ಉಪ್ಪುಬಯಲಿನ ಅಂಚಿನಲ್ಲಿ, ಶಾಲೆ ಬಿಟ್ಟ ಮಕ್ಕಳ ಹಾಗೆ, ಯಾವ ಅವಸರವೂ ಇಲ್ಲದೆ. ಹಿಂದೆ ಒಬ್ಬ ಸುಡಾನಿ ಕಾವಲುಗಾರ. ನಮ್ಮನ್ನು ನೋಡಿ ಅವನು ಕೇಳಿದ ಮೊದಲ ಪ್ರಶ್ನೆ, "ಸಯ್ಯಾರಾ ಖರ್ಬಾನ್?"

ಇಲ್ಲ, ಆಚೆ ಹೋಗಲು ದಾರಿ ಇದೆಯಾ ಎಂದು ಹಮೀದ್ ಅರಬಿ, ಹಿಂದಿ ಬೆರೆಸಿ ಕೇಳಿದ. ಕಾವಲುಗಾರ ಗುಡ್ಡದ ಗೋಡೆಯನ್ನು ನೋಡಿದ, ನಮ್ಮ ಮಂಡಿಗಳನ್ನು ನೋಡಿದ, ಒಂಟೆಗಳ ಕಡೆ ಗಲ್ಲ ಎತ್ತಿ ನಕ್ಕ.

"ಜಯ, ಇವು ನೀರಿಗೆ ಹೋಗುದು" ಎಂದೆ. "ಹೊತ್ತು ಇಳಿದ್ರೆ ದನ ಹಟ್ಟಿಗೆ ಹೋಗುವುದಿಲ್ವಾ, ಹಾಗೆ. ಇವುಗಳ ಹಿಂದೆ ಹೋಗುವ."

ಜಯ ತಲೆಯಾಡಿಸಿದ. "ಒಂಟೆಯ ಹಿಂದೆ ಹೋದ್ರೆ ನಾವು ಹುಡುಕಿದ ಹಾಗೆ ಆಗುದಿಲ್ಲ ಅಕ್ಕ. ಇನ್ನು ಸ್ವಲ್ಪ ನಾವೇ ನೋಡುವ."

ಅವನ ಅಭಿಮಾನವನ್ನು ಮುರಿಯಲು ನಮ್ಮಿಂದ ಆಗದು ಎಂದು ಒಂದು ಒಂಟೆಗೆ ಅನ್ನಿಸಿರಬೇಕು. ಅದು ಸಾಲು ಬಿಟ್ಟು ಬಂದು, ಸುಮತಿಯ ಹೆಗಲ ಮೇಲಿನಿಂದ ಕತ್ತು ಚಾಚಿ, ಲಿಂಬೆಯ ವಾಸನೆಗೋ ಏನೋ, ಬಟ್ಟೆಚೀಲವನ್ನು ಬಾಯಲ್ಲಿ ಹಿಡಿದು ಎತ್ತಿಕೊಂಡಿತು.

"ಅಯ್ಯೋ! ಕೀ ಉಂಟು ಅದರಲ್ಲಿ!"

ಒಂಟೆ ಚೀಲ ತೂಗಾಡಿಸುತ್ತ, ಸಂತೆ ಮುಗಿಸಿದ ಗೃಹಿಣಿಯಂತೆ ಹೊರಟಿತು. ಸುಮತಿ ಅದರ ಹಿಂದೆ. "ಕೊಡು! ಇಲ್ಲಿ ಕೊಡು! ಮಾನ ಮರ್ಯಾದೆ ಇಲ್ವಾ ನಿಂಗೆ?" ಎಂದು ತುಳುವಿನಲ್ಲಿ ಬೈಯುತ್ತ ಓಡಿದಳು. ಕತಾರಿನ ಒಂಟೆಗೆ ತುಳು ಬರುವುದಿಲ್ಲ. ಸುಮತಿಯ ಹಿಂದೆ ಜಯ, ಜಯನ ಹಿಂದೆ ಒಂದು ಬೂಟಿನ ಹಮೀದ್, ಎಲ್ಲರ ಹಿಂದೆ ಎಂದಿನಂತೆ ನಾನು. ಕಾವಲುಗಾರ ಬಿದ್ದು ಬಿದ್ದು ನಗುತ್ತ "ಮಾಫಿ ಮುಷ್ಕಿಲ್, ಮಾಫಿ ಮುಷ್ಕಿಲ್" ಎನ್ನುತ್ತಿದ್ದ. ತೊಂದರೆಯಿಲ್ಲವಂತೆ. ಚೀಲ ಅವನದಲ್ಲವಲ್ಲ.

ಒಂಟೆ ನೇರವಾಗಿ ಗೋಡೆಯ ಕಡೆಗೆ ನಡೆಯಿತು. ಇನ್ನು ಡಿಕ್ಕಿ ಹೊಡೆಯುತ್ತದೆ ಎನ್ನುವಾಗ ಬಲಕ್ಕೆ ಹೊರಳಿ ಮಾಯವಾಯಿತು. ಹತ್ತಿರ ಹೋಗಿ ನೋಡಿದರೆ ಎರಡು ಗುಡ್ಡಗಳು ಒಂದರ ಹಿಂದೆ ಒಂದು ಸರಿದು ನಿಂತಿವೆ, ಅರ್ಧ ತೆರೆದ ಬಾಗಿಲಿನ ಎರಡು ಪಡಿಗಳ ಹಾಗೆ. ಎದುರಿನಿಂದ ನೋಡಿದರೆ ಗೋಡೆ, ಪಕ್ಕದಿಂದ ಬಂದರೆ ದಾರಿ. ಒಳಗೆ ಗೊರಸಿನಿಂದ ಸವೆದ ಏರು. ನಾಲ್ಕು ಕೈಕಾಲಿನಲ್ಲಿ ಹತ್ತಿದೆವು. ಹಮೀದ್ ಅಳೆಯಲಿಲ್ಲ, ಅಳೆಯುವಷ್ಟು ಉಸಿರು ಯಾರಲ್ಲಿಯೂ ಇರಲಿಲ್ಲ.

ಮೇಲೆ ಒಂಟೆ ನಮಗಾಗಿ ಕಾಯುತ್ತಿತ್ತು. ಲಿಂಬೆಯನ್ನು ಹುಡುಕಿ ತೆಗೆದು ಕಚ್ಚಿ ನೋಡಿರಬೇಕು. ಆ ಮುಖಭಾವವನ್ನು ನಾನು ಹಾಗಲಕಾಯಿ ತಿಂದ ಮಕ್ಕಳಲ್ಲಿ ಮಾತ್ರ ಕಂಡಿದ್ದೇನೆ. ಲಿಂಬೆಯನ್ನು ಉಗುಳಿ, ಚೀಲವನ್ನೂ ಬಿಟ್ಟು, ನಮ್ಮ ಕುಲಕ್ಕೇ ಶಾಪ ಹಾಕುವಂತೆ ಗುರುಗುಟ್ಟಿ ಇಳಿದುಹೋಯಿತು. ಸುಮತಿ ಚೀಲಕ್ಕೆ ಕೈಹಾಕಿ ನೋಡಿದಳು. ಕೀ ಇತ್ತು. ಲಿಂಬೆಯನ್ನೂ ಒರೆಸಿ ಒಳಗಿಟ್ಟುಕೊಂಡಳು.

ಜಯ ಆಚೆ ಬದಿಯ ಅಂಚಿಗೆ ಹೋಗಿ ನಿಂತ. ಕೆಳಗೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಇಳಿಬಿಸಿಲಿನಲ್ಲಿ ಅವನ ಬಿಳಿ ಕಾರು ಇತ್ತು. ಅದರ ಆಚೆ ಮೊದಲನೆಯ ಕೆರೆ. ಹೋದ ದಾರಿ ಆ ಕಡೆ, ಬಂದ ದಾರಿ ಈ ಕಡೆ. ನನ್ನ ತಮ್ಮನ ಕಣ್ಣು ತುಂಬಿ ಬಂದಿತ್ತು. ನನ್ನದೂ ತುಂಬಿತ್ತು. ಹಮೀದ್ ಅವನ ಬೆನ್ನಿಗೊಂದು ಗುದ್ದಿ, "ಯಲ್ಲಾ, ಹೊರಡುವ ಜಯಣ್ಣ, ಆಯ್ತಲ್ಲ ನಿಮ್ಮ ಲೂಪು" ಎಂದು ಬೇರೆ ಕಡೆ ತಿರುಗಿದ.

"ಲೂಪೇ" ಎಂದೆ. "ಕೆರೆಗಳ ವಿಷಯದಲ್ಲಿ ಕೃಪಾಂಕ ಕೊಟ್ಟಿದ್ದೇನೆ. ಆದರೆ ಲೂಪು ಪೂರ್ತಿ ನಿನ್ನದೇ."

ಜಯ ಬಗ್ಗಿ ಮೂರು ಕಲ್ಲು ಆಯ್ದು ತಂದು ಘಾಟಿಯ ನೆತ್ತಿಯಲ್ಲಿ ತ್ರಿಕೋನವಾಗಿ ಇಟ್ಟ. ಇಳಿಯತೊಡಗಿದೆವು. ಎಲ್ಲರಿಗಿಂತ ಹಿಂದೆ ನಾನು. ಮುಂದಿನಿಂದ, ತಿರುಗಿ ನೋಡದೆ, ಅವನು ಹೇಳಿದ:

"ಅಕ್ಕ, ಅದೊಂದನ್ನು ಬೀಳಿಸ್ಬೇಡ ಮಾರಾಯ್ತಿ."

ನನ್ನ ಕಾಲು ಅಲ್ಲಿಯೇ ನಿಂತಿತು. "ನಿಂಗೆ ಗೊತ್ತಿತ್ತಾ?"

"ಎರಡನೇ ಘಾಟಿಯ ಮೇಲಿಂದ ನೋಡಿದೆ. ಕಿತ್ತಳೆ ಕೋಟು ಬಗ್ಗುದು, ಏಳುದು, ಬಗ್ಗುದು. ಎಂತ ಮಾಡ್ತಿದ್ದೀ ಅಂತ ಕೂಡ್ಲೇ ಗೊತ್ತಾಯ್ತು. ಅಮ್ಮನ ಪೆಟ್ಟು ನಾನೂ ತಿಂದವನೇ ಅಲ್ವಾ."

"ಬೊಬ್ಬೆ ಹಾಕ್ಬಾರ್ದಿತ್ತಾ?"

"ಹಾಕ್ಲಿಕ್ಕೆ ಬಾಯಿ ತೆರೆದೆ. ಆಮೇಲೆ ಆಲೋಚನೆ ಮಾಡಿದೆ, ಕಲ್ಲು ಇದ್ರೆ ನಾನು ಈ ವರ್ಷವೂ ತಿರುಗಿ ಹೋಗ್ತೇನೆ. ಮೂರು ವರ್ಷ ನನ್ನನ್ನು ವಾಪಸು ಕರ್ಕೊಂಡು ಹೋದದ್ದು ಆ ಕಲ್ಲೇ." ಅವನು ಈಗ ತಿರುಗಿ ನೋಡಿದ. "ಬಿಡು, ಅಕ್ಕ ಬೀಳಿಸ್ಲಿ ಅಂತ ಸುಮ್ಮನಾದೆ."

ಹಮೀದ್ ಬಾಯಿ ತೆರೆದು ನನ್ನನ್ನೂ ಅವನನ್ನೂ ನೋಡಿದ. "ಹಾಗಾದ್ರೆ ನನ್ನ ಒಂದು ಬೂಟು?" ಎಂದ.

ನಾನು ಆ ಮೂರು ಕಲ್ಲಿನ ಕಡೆ ನೋಡಿದೆ. ಬೀಳಿಸುವಂತಿಲ್ಲ, ತಮ್ಮ ಹೇಳಿದ್ದಾನೆ. ಹಸಿದು ಕಾಯಲು ಬಿಡುವಂತಿಲ್ಲ, ಅಮ್ಮ ಹೇಳಿದ್ದಾರೆ. ಸುಮತಿಯ ಚೀಲದಿಂದ ಲಿಂಬೆಹಣ್ಣು ತೆಗೆದು, ಒಂಟೆಯ ಹಲ್ಲಿನ ಗುರುತು ಕೆಳಗೆ ಬರುವಂತೆ, ಕಲ್ಲುಗಳ ನಡುವೆ ಇಟ್ಟೆ.

"ಟೀಚರಕ್ಕ" ಎಂದ ಹಮೀದ್, "ಮೂರು ಕಲ್ಲು, ನಡುವೆ ಲಿಂಬೆ! ಊರಿನವರು ಯಾರಾದ್ರೂ ಇದನ್ನು ಕಂಡ್ರೆ ಮಾಟ ಮಾಡಿದ್ದು ಅಂತ ಓಡ್ತಾರೆ."

"ಓಡ್ಲಿ" ಎಂದ ಜಯ. "ಮುಂದೆ ಓಡಿದ್ರೆ ಕಾರು ಸಿಗ್ತದೆ, ಹಿಂದೆ ಓಡಿದ್ರೆ ಕೆರೆ ಸಿಗ್ತದೆ. ಈಗ ಎರಡು ಕಡೆಯೂ ದಾರಿ ಉಂಟು."

ಕಾರಿನ ಹತ್ತಿರ ಬಂದು ಜಯ ಬಾನೆಟ್ಟಿಗೆ ಕೈ ಮುಟ್ಟಿಸಿದ, ಕಬಡ್ಡಿಯಲ್ಲಿ ಗೆರೆ ಮುಟ್ಟುವಂತೆ. ನಾವೂ ಒಬ್ಬೊಬ್ಬರಾಗಿ ಮುಟ್ಟಿಸಿದೆವು. ಸುಮತಿ ಮಾತ್ರ ಕೀ ಹಿಡಿದು ಘಾಟಿಯ ಕಡೆಗೇ ನೋಡುತ್ತ ನಿಂತಿದ್ದಳು.

"ಎಂತ ಸುಮತಿ?"

"ಅದಲ್ಲ ಅತ್ತಿಗೆ, ಘಾಟಿಯಲ್ಲಿ ನಂಗೆ ಎಂತ ಸಹ ಆಗ್ಲಿಲ್ಲ. ವಾಂತಿ ಬರುದು ಇವರ ಡ್ರೈವಿಂಗಿಗೆ. ಇನ್ನು ಮನೆವರೆಗೆ ನಾನು ಎಂತ ಮೂಸುದು?"